ನರವಿಲ್ಲದೆ ತಲುಪಿದ ಸುದ್ದಿ

ಊಟ ಮುಗಿಸಿ ಕೈ ತೊಳೆದೊಡನೆ ನಮ್ಮ ಮಟ್ಟಿಗೆ ಊಟವೆಂಬ ಕಾರ್ಯ ಮುಗಿದಂತೆಯೇ. ಆದರೆ ಒಡಲೊಳಗಿನ ನಿಜವಾದ ಕಾರ್ಯಭಾರ ಆರಂಭವಾಗುವುದು ಆಗಲೇ. ಜಠರದಲ್ಲಿ ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲದೊಡನೆ ಕಲಸಿಹೋದ ಅನ್ನವು ಸ್ವಲ್ಪಸ್ವಲ್ಪವಾಗಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿಯುತ್ತದೆ. ಅದು ಇಳಿದ ಕೆಲವೇ ನಿಮಿಷಗಳಲ್ಲಿ, ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯು ಕ್ಷಾರಯುಕ್ತವಾದ ರಸವನ್ನು ಸುರಿಸತೊಡಗುತ್ತದೆ. ಆ ರಸ ಬಾರದಿದ್ದರೆ ಆಮ್ಲವು ಕರುಳಿನ ಮೃದುವಾದ ಒಳಪೊರೆಗೇ ಹಾನಿ ಮಾಡೀತು. ಬಂದರೂ ಅಗತ್ಯವಿದ್ದಷ್ಟೇ ಬರಬೇಕು. ಆಮ್ಲದ ತೀಕ್ಷ್ಣತೆ ಇಳಿದ ಮೇಲೆ ನಿಲ್ಲಬೇಕು. ಹಾಗಾದರೆ, ಕರುಳಿಗೆ ಆಮ್ಲ ಬಂದಿದೆಯೆಂದು ಮೇದೋಜೀರಕಕ್ಕೆ ತಿಳಿಸಿದವರು ಯಾರು?

ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಂದೇ ಉತ್ತರವಿತ್ತು: ನರಗಳು. ದೇಹವೆಂಬ ರಾಜ್ಯದಲ್ಲಿ ಮೆದುಳು ಅರಸ, ನರಗಳು ಅವನ ತಂತಿ ಕಚೇರಿಯ ತಂತಿಗಳು. ಸುದ್ದಿಯೆಂಬುದು ತಂತಿಯ ಮೂಲಕವಲ್ಲದೆ ಇನ್ನಾವ ದಾರಿಯಿಂದ ಹೋದೀತು? ಟೆಲಿಗ್ರಾಫು ಜಗತ್ತನ್ನೆಲ್ಲ ಬೆರಗುಗೊಳಿಸಿದ್ದ ಕಾಲದಲ್ಲಿ ಈ ಹೋಲಿಕೆ ಸಹಜವಾಗಿಯೇ ಇತ್ತು. ಆದರೆ ಸುದ್ದಿಯು ನೀರಿನಲ್ಲಿ ತೇಲಿಬಿಟ್ಟ ಓಲೆಯಂತೆ ರಕ್ತದಲ್ಲಿಯೂ ಸಾಗಬಲ್ಲದು ಎಂಬುದಕ್ಕೆ ಸಾಕ್ಷ್ಯವು ಅದಕ್ಕೂ ಬಹಳ ಮೊದಲೇ ದೊರೆತಿತ್ತು. ದೊರೆತರೂ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

ಜರ್ಮನಿಯ ಗೋಟಿಂಗೆನ್ ನಗರದಲ್ಲಿ ಅರ್ನಾಲ್ಡ್ ಬರ್ತೋಲ್ಡ್ ಎಂಬ ಪ್ರಾಧ್ಯಾಪಕನಿದ್ದ. 1849ರಲ್ಲಿ ಆತ ಪ್ರಕಟಿಸಿದ ಕೆಲವೇ ಪುಟಗಳ ಲೇಖನವೊಂದರಲ್ಲಿ ಆರು ಹುಂಜದ ಮರಿಗಳ ಕಥೆಯಿದೆ. ಎರಡಕ್ಕೆ ವೃಷಣಗಳನ್ನು ಪೂರ್ತಿ ತೆಗೆದುಬಿಟ್ಟ. ಅವು ಜುಟ್ಟು ಬೆಳೆಯದೆ, ಕೂಗದೆ, ಕಾದಾಡದೆ ಸಪ್ಪಗೆ ಬೆಳೆದವು. ಉಳಿದ ನಾಲ್ಕರಲ್ಲಿ ತೆಗೆದ ವೃಷಣವನ್ನು, ಕೆಲವಕ್ಕೆ ಅವುಗಳದ್ದನ್ನೇ, ಕೆಲವಕ್ಕೆ ಇನ್ನೊಂದರದ್ದನ್ನು, ಮರಳಿ ಹೊಟ್ಟೆಯೊಳಗೆ ಬೇರೆಡೆ ಇರಿಸಿದ. ಈ ನಾಲ್ಕೂ ಅಪ್ಪಟ ಹುಂಜಗಳಾಗಿ ಬೆಳೆದು ಕೂಗಿದವು, ಕಾದಾಡಿದವು, ಹೇಂಟೆಗಳ ಬೆನ್ನು ಹತ್ತಿದವು. ಕೊಯ್ದು ನೋಡಿದಾಗ ಸ್ಥಳಾಂತರಗೊಂಡ ಅಂಗಕ್ಕೆ ಹೊಸ ರಕ್ತನಾಳಗಳು ಬೆಳೆದಿದ್ದವು. ಹಳೆಯ ನರಗಳ ಸಂಬಂಧ ಕಡಿದೇ ಹೋಗಿತ್ತು. ಅಂದ ಮೇಲೆ ಆ ಅಂಗವು ರಕ್ತದ ಮೂಲಕವೇ ಇಡೀ ದೇಹದ ಮೇಲೆ ಪ್ರಭಾವ ಬೀರುತ್ತಿರಬೇಕೆಂದು ಬರ್ತೋಲ್ಡ್ ತರ್ಕಿಸಿದ. ಇದಕ್ಕಿಂತ ಸ್ವಚ್ಛವಾದ ಪ್ರಯೋಗವನ್ನು ಯೋಚಿಸುವುದು ಕಷ್ಟ. ಆದರೂ ಈ ಲೇಖನವು ಗ್ರಂಥಾಲಯದಲ್ಲಿ ಸುಮಾರು ಅರ್ಧ ಶತಮಾನ ಮಲಗಿತು.

ಮಲಗಿದ್ದನ್ನು ಎಬ್ಬಿಸಲು ಬೇರೊಂದು ಬಗೆಯ ಗದ್ದಲವೇ ಆಗಬೇಕಾಯಿತೆನ್ನಬೇಕು. 1889ರಲ್ಲಿ ಪ್ಯಾರಿಸಿನ ವಿದ್ವತ್ಸಭೆಯೊಂದರಲ್ಲಿ ಬ್ರೌನ್-ಸೆಕಾರ್ ಎಂಬ 72 ವರ್ಷದ ಪ್ರಖ್ಯಾತ ಶರೀರವಿಜ್ಞಾನಿ ಎದ್ದುನಿಂತು, ನಾಯಿ ಮತ್ತು ಗಿನಿಯಿಲಿಗಳ ವೃಷಣಗಳನ್ನು ಅರೆದು ತೆಗೆದ ರಸವನ್ನು ತಾನೇ ಚುಚ್ಚಿಕೊಂಡುದಾಗಿಯೂ, ಮೆಟ್ಟಿಲುಗಳನ್ನು ಓಡುತ್ತ ಹತ್ತುವಷ್ಟು ಯೌವನ ಮರಳಿತೆಂದೂ ಸಾರಿದ. ಸಭೆಯಲ್ಲಿ ಎಷ್ಟು ಜನ ನಕ್ಕರೋ ತಿಳಿಯದು. ಯುರೋಪು ಅಮೆರಿಕಗಳಲ್ಲಿ ಮಾತ್ರ ಈ ‘ಸಂಜೀವಿನಿ’ಯ ವ್ಯಾಪಾರ ಭರ್ಜರಿಯಾಗಿ ನಡೆಯಿತು. ಆತ ತಯಾರಿಸಿದ ಬಗೆಯ ನೀರಿನ ರಸದಲ್ಲಿ ಪುರುಷ ಹಾರ್ಮೋನು ಬಹುತೇಕ ಇರಲು ಸಾಧ್ಯವೇ ಇಲ್ಲವೆಂದು ಈಗ ನಮಗೆ ಗೊತ್ತು. ಮುದುಕನನ್ನು ಮೆಟ್ಟಿಲು ಹತ್ತಿಸಿದ್ದು ನಂಬಿಕೆ. ನಮ್ಮಲ್ಲಿಯೂ ಯಯಾತಿಯಿಂದ ಮೊದಲುಗೊಂಡು ಈ ಆಸೆಗೆ ಕೊರತೆಯಿಲ್ಲವಲ್ಲ! ಆದರೆ ಅಂಗಗಳ ರಸದಲ್ಲಿ ಏನೋ ಇದೆಯೆಂಬ ಕುತೂಹಲವು ಈ ಗದ್ದಲದಿಂದ ಹಬ್ಬಿತು, ಮತ್ತು ಅದರ ಫಲ ಎರಡೇ ವರ್ಷಗಳಲ್ಲಿ ಕಾಣಿಸಿತು.

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಜಾರ್ಜ್ ಮರ್ರೆ ಎಂಬ ತರುಣ ವೈದ್ಯ, ಥೈರಾಯ್ಡ್ ಗ್ರಂಥಿ ಸೊರಗಿ ಮುಖ ಊದಿ, ಮಾತು ನಿಧಾನವಾಗಿ, ಬುದ್ಧಿಯೂ ಮಂಕಾಗುತ್ತಿದ್ದ 46 ವರ್ಷದ ಹೆಂಗಸೊಬ್ಬಳಿಗೆ ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿದ. ಆಕೆ ಚೇತರಿಸಿಕೊಂಡಳು. ಚೇತರಿಸಿಕೊಂಡಳೆಂದರೆ, ಮತ್ತೆ 28 ವರ್ಷ ಬಾಳಿದಳು. ಆಕೆಯ ಮರಣಾನಂತರ ಮರ್ರೆ ಲೆಕ್ಕ ಹಾಕಿ ಬರೆದಂತೆ, ಈ ಅವಧಿಯಲ್ಲಿ ಆಕೆಗೆ ಬೇಕಾದ ಔಷಧಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳಿಂದ ಬಂದಿತ್ತು. ಕತ್ತಿನಲ್ಲಿರುವ, ಚಿಟ್ಟೆಯಾಕಾರದ ಆ ಪುಟ್ಟ ಗ್ರಂಥಿಯು ಸದ್ದಿಲ್ಲದೆ ಎಷ್ಟು ಕೆಲಸ ಮಾಡುತ್ತದೆಂಬುದಕ್ಕೆ ಈ ಕುರಿಗಳ ಲೆಕ್ಕಕ್ಕಿಂತ ಬೇರೆ ಪಾಠ ಬೇಕಿಲ್ಲ. ಥೈರಾಯ್ಡಿನ ಮಾತು ಬಂದಾಗ ನಮ್ಮ ದೇಶದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಈ ಗ್ರಂಥಿಯ ಹಾರ್ಮೋನಿಗೆ ಅಯೋಡಿನ್ ಬೇಕು. ಹಿಮಾಲಯದ ತಪ್ಪಲಿನ ಮಣ್ಣು ನೀರುಗಳಲ್ಲಿ ಅದು ಕಡಿಮೆ, ಆದುದರಿಂದ ಅಲ್ಲಿ ಗಳಗಂಡವು ಮನೆಮನೆಯ ರೋಗವಾಗಿತ್ತು. 1956ರಿಂದ ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಕಾಂಗ್ಡಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಕೊಟ್ಟು ವರ್ಷಗಟ್ಟಲೆ ನೋಡಿದರು. ಅಯೋಡಿನ್ ಉಪ್ಪಿನ ವಲಯಗಳಲ್ಲಿ ಗಳಗಂಡ ಇಳಿಯಿತು. ಈಗ ನಮ್ಮ ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲಿರುವ ಅಯೋಡಿನ್ ಎಂಬ ಪದದ ಹಿಂದೆ ಆ ಕಣಿವೆಯಿದೆ.

ಇರಲಿ, ಮೇದೋಜೀರಕದ ಪ್ರಶ್ನೆಗೆ ಮರಳೋಣ.

ಜೀರ್ಣಕ್ರಿಯೆಯ ವಿಷಯದಲ್ಲಿ ಆಗ ಜಗತ್ತಿನ ಅಗ್ರಗಣ್ಯ ಪಂಡಿತನೆಂದರೆ ರಷ್ಯಾದ ಇವಾನ್ ಪಾವ್ಲೋವ್. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯಿಂದಾಗಿ ಆತನನ್ನು ಎಲ್ಲರೂ ಬಲ್ಲರು. ಆದರೆ 1904ರ ನೊಬೆಲ್ ಪಾರಿತೋಷಕ ಆತನಿಗೆ ದೊರೆತದ್ದು ಜೀರ್ಣಾಂಗಗಳ ಅಧ್ಯಯನಕ್ಕಾಗಿ. ಆತನ ಪ್ರಯೋಗಾಲಯವು ನರಗಳೇ ಎಲ್ಲವನ್ನೂ ಆಳುತ್ತವೆಂಬ ಸಿದ್ಧಾಂತದ ಭದ್ರಕೋಟೆ. ಕರುಳಿಗೆ ಆಮ್ಲ ಹಾಕಿದರೆ ಮೇದೋಜೀರಕ ಸ್ರವಿಸುತ್ತದೆಂದು ತೋರಿಸಿಕೊಟ್ಟವರೂ ಅವರೇ. ಅಷ್ಟೇ ಅಲ್ಲ, ಅಲ್ಲಿಯೇ ಕಲಿತ ಪೊಪಿಯೆಲ್ಸ್ಕಿ ಎಂಬಾತನೂ, ಫ್ರಾನ್ಸಿನ ವೆರ್ತೈಮರ್ ಮತ್ತು ಲೆಪಾಜ್ ಎಂಬ ಜೋಡಿಯೂ, ದೊಡ್ಡ ನರಗಳನ್ನು ಕತ್ತರಿಸಿದ ಮೇಲೆಯೂ ರಸ ಸ್ರವಿಸುವುದನ್ನು ಕಣ್ಣಾರೆ ಕಂಡರು. ಕಂಡು ಏನು ತೀರ್ಮಾನಿಸಿದರು? ನಮಗೆ ಕಾಣದ ಯಾವುದೋ ಚಿಕ್ಕ ನರ ಇನ್ನೂ ಉಳಿದಿರಬೇಕೆಂದು! ಬಾಗಿಲಿನವರೆಗೆ ಹೋಗಿ ಬಾಗಿಲನ್ನೇ ಗೋಡೆಯೆಂದು ಭಾವಿಸಿ ಹಿಂದಿರುಗಿದಂತೆ. ಸಿದ್ಧಾಂತದ ಬಲವೆಂದರೆ ಇದು.

ಬಾಗಿಲು ತೆರೆದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇಬ್ಬರು ಶರೀರವಿಜ್ಞಾನಿಗಳು, ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್. ಬೇಲಿಸ್ ಶ್ರೀಮಂತ ಮನೆತನದವನು, ಸೌಮ್ಯ, ನಿಧಾನಿ, ಗ್ರಂಥಪ್ರೇಮಿ. ಸ್ಟಾರ್ಲಿಂಗನದು ಬಿರುಸಿನ ಸ್ವಭಾವ. ಮನಸ್ಸಿಗೆ ತೋರಿದ್ದನ್ನು ಆಡಿಯೇ ಬಿಡುವವನು. ಸ್ಟಾರ್ಲಿಂಗನ ತಂಗಿಯನ್ನು ಬೇಲಿಸ್ ಮದುವೆಯಾಗಿದ್ದ. ಭಾವ-ಭಾವಮೈದುನರು ಸೇರಿ ಆಸ್ತಿಗಾಗಿ ಕೋರ್ಟು ಹತ್ತಿದ ಉದಾಹರಣೆಗಳನ್ನೇ ಹೆಚ್ಚು ಕಂಡ ನಮಗೆ ಇಂಥ ಜೋಡಿ ಅಪರೂಪವೆನಿಸುತ್ತದೆ.

1902ರ ಜನವರಿ 16ರ ಮಧ್ಯಾಹ್ನ ಅವರು ಅರಿವಳಿಕೆ ಕೊಟ್ಟ ನಾಯಿಯೊಂದರ ಸಣ್ಣ ಕರುಳಿನ ತುಂಡೊಂದನ್ನು ಎರಡು ಕಡೆಯೂ ಕಟ್ಟಿ, ಅದಕ್ಕೆ ಹೋಗುವ ನರಗಳನ್ನೆಲ್ಲ ಜಾಗರೂಕತೆಯಿಂದ ಕತ್ತರಿಸಿದರು. ಈಗ ಆ ತುಂಡಿಗೂ ದೇಹದ ಉಳಿದ ಭಾಗಕ್ಕೂ ಇದ್ದ ಸಂಬಂಧವೆಂದರೆ ರಕ್ತನಾಳಗಳದ್ದು ಮಾತ್ರ. ಅದರೊಳಗೆ ದುರ್ಬಲ ಆಮ್ಲವನ್ನು ಬಿಟ್ಟರು. ಮೇದೋಜೀರಕದ ನಾಳದಿಂದ ರಸ ತೊಟ್ಟಿಕ್ಕತೊಡಗಿತು. ನರಗಳಿದ್ದಾಗ ಹೇಗೋ ಹಾಗೆಯೇ. ಆ ಹೊತ್ತು ಅಲ್ಲಿದ್ದ ಚಾರ್ಲ್ಸ್ ಮಾರ್ಟಿನ್ ಎಂಬ ಸಹೋದ್ಯೋಗಿ ಮುಂದೆ ಸ್ಮರಿಸಿಕೊಂಡಂತೆ, ಹಾಗಾದರೆ ಇದು ರಾಸಾಯನಿಕ ಸಂದೇಶವೇ ಸರಿಯೆಂದು ಸ್ಟಾರ್ಲಿಂಗ್ ಅಲ್ಲಿಯೇ ಉದ್ಗರಿಸಿದ. ಕೂಡಲೇ ಕರುಳಿನ ಒಳಪೊರೆಯನ್ನು ಕೆರೆದು, ಮರಳು ಮತ್ತು ಆಮ್ಲದೊಡನೆ ಅರೆದು, ಸೋಸಿ, ಆ ದ್ರವವನ್ನು ನಾಯಿಯ ಕತ್ತಿನ ಅಭಿಧಮನಿಗೆ ಚುಚ್ಚಿದ. ಕೆಲವು ಕ್ಷಣಗಳ ಮೌನ. ಅನಂತರ ಮೇದೋಜೀರಕವು ಮೊದಲಿಗಿಂತ ಜೋರಾಗಿ ಸ್ರವಿಸಿತು. ಆಮ್ಲವನ್ನಷ್ಟೇ ರಕ್ತಕ್ಕೆ ಚುಚ್ಚಿದರೆ ಈ ಪರಿಣಾಮವಿಲ್ಲ. ಆದ್ದರಿಂದ ಸುದ್ದಿ ಒಯ್ದದ್ದು ಆಮ್ಲವಲ್ಲ, ಆಮ್ಲದ ಸ್ಪರ್ಶದಿಂದ ಕರುಳಿನ ಪೊರೆಯಿಂದ ಹೊರಬಂದ ಇನ್ನಾವುದೋ ವಸ್ತು. ಅದಕ್ಕೆ ಸೆಕ್ರೆಟಿನ್ ಎಂದು ಹೆಸರಿಟ್ಟರು. ಒಂದು ಮಧ್ಯಾಹ್ನದ ಕೆಲಸ!

ನಿಯಂತ್ರಣದ ಜಾಣ್ಮೆಯನ್ನೂ ಇಲ್ಲಿಯೇ ಗಮನಿಸಬಹುದು. ಆಮ್ಲ ಬಂದರೆ ಸೆಕ್ರೆಟಿನ್ ರಕ್ತಕ್ಕೆ ಇಳಿಯುತ್ತದೆ. ಸೆಕ್ರೆಟಿನ್ ಬಂದರೆ ಮೇದೋಜೀರಕವು ಬೈಕಾರ್ಬೊನೇಟನ್ನು ಸುರಿಸುತ್ತದೆ. ಬೈಕಾರ್ಬೊನೇಟ್ ಬಂದರೆ ಆಮ್ಲ ತಟಸ್ಥವಾಗುತ್ತದೆ. ಆಮ್ಲ ಹೋದರೆ ಸೆಕ್ರೆಟಿನ್ ತಾನಾಗಿ ನಿಲ್ಲುತ್ತದೆ. ಕೆಲಸವೇ ಕೆಲಸವನ್ನು ನಿಲ್ಲಿಸುತ್ತದೆ, ಮೇಲ್ವಿಚಾರಕನ ಅಗತ್ಯವಿಲ್ಲ. ತರಗತಿಯಲ್ಲಿ ನಾನು ಇದನ್ನು ಕೊಡ ತುಂಬುವ ಹುಡುಗನ ಉದಾಹರಣೆಯಿಂದ ವಿವರಿಸುತ್ತಿದ್ದೆ: ಕೊಡ ತುಂಬಿತೆಂದು ಕಂಠದವರೆಗೆ ಬಂದ ನೀರೇ ಹೇಳುತ್ತದೆ, ತಾಯಿ ಒಳಗಿನಿಂದ ಕೂಗಬೇಕಾಗಿಲ್ಲ.

ಪಾವ್ಲೋವನ ನಡತೆಯನ್ನು ಹೇಳದಿದ್ದರೆ ಈ ಕಥೆ ಅಪೂರ್ಣ. ಲಂಡನ್ನಿನ ಸುದ್ದಿ ತಲುಪಿದಾಗ ಆತ ಒಪ್ಪಲಿಲ್ಲ. ತನ್ನ ಸಹಾಯಕನಿಂದ ಅದೇ ಪ್ರಯೋಗವನ್ನು ಮಾಡಿಸಿ ಸುತ್ತ ನಿಂತವರೊಡನೆ ತಾನೂ ನಿಂತು ನೋಡಿದ. ರಸ ಬಂತು. ಪಾವ್ಲೋವ್ ಒಂದು ಮಾತೂ ಆಡದೆ ತನ್ನ ಕೊಠಡಿಗೆ ಹೋಗಿ, ಅರ್ಧ ಗಂಟೆಯ ಮೇಲೆ ಹೊರಬಂದು, ಅವರು ಹೇಳಿದ್ದೇ ಸರಿ, ಸತ್ಯದ ಶೋಧನೆಗೆ ನಾವೊಬ್ಬರೇ ಪೇಟೆಂಟ್ ಪಡೆದುಕೊಂಡಿಲ್ಲವಲ್ಲ ಎಂಬರ್ಥದ ಮಾತನ್ನು ಆಡಿದನೆಂದು ಆತನ ಶಿಷ್ಯ ಬಾಬ್ಕಿನ್ ದಾಖಲಿಸಿದ್ದಾನೆ. ನನಗಂತೂ ಆತನ ನೊಬೆಲ್ ಪಾರಿತೋಷಕಕ್ಕಿಂತ ಈ ಅರ್ಧ ಗಂಟೆ ದೊಡ್ಡದೆನಿಸುತ್ತದೆ.

ಈ ಪಾಠವನ್ನು ಮಾಡುವಾಗಲೆಲ್ಲ ಯಾವಳಾದರೊಬ್ಬ ಹುಡುಗಿ ಎದ್ದು, ಆ ನಾಯಿಗೆ ನೋವಾಗಲಿಲ್ಲವೇ ಎಂದು ಕೇಳುತ್ತಿದ್ದಳು. ಹುಡುಗರು ನಗುತ್ತಿದ್ದರು. ನಗುವ ಪ್ರಶ್ನೆಯಲ್ಲ ಅದು; ಲಂಡನ್ ನಗರವೇ ಆ ಪ್ರಶ್ನೆಯ ಮೇಲೆ ಬೀದಿಗಿಳಿದಿತ್ತು. 1903ರ ಫೆಬ್ರವರಿಯಲ್ಲಿ ಬೇಲಿಸ್ ವಿದ್ಯಾರ್ಥಿಗಳೆದುರು ಕಂದು ಬಣ್ಣದ ನಾಯಿಯೊಂದರ ಮೇಲೆ ಪ್ರಯೋಗ ತೋರಿಸುತ್ತಿದ್ದ. ಅದೇ ನಾಯಿಯ ಮೇಲೆ ಸ್ಟಾರ್ಲಿಂಗ್ ಹಿಂದಿನ ಡಿಸೆಂಬರಿನಲ್ಲಿ ಮೇದೋಜೀರಕದ ಶಸ್ತ್ರಕ್ರಿಯೆ ನಡೆಸಿದ್ದ. ಪ್ರೇಕ್ಷಕರಲ್ಲಿ ಕುಳಿತಿದ್ದ ಲಿಝಿ ಲಿಂಡ್ ಮತ್ತು ಲೀಸಾ ಶಾರ್ಟೌ ಎಂಬ ಸ್ವೀಡನ್ನಿನ ಇಬ್ಬರು ತರುಣಿಯರು, ನಾಯಿಗೆ ಅರಿವಳಿಕೆ ಸರಿಯಾಗಿ ಆಗಿರಲಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡರು. ಪ್ರಾಣಿಪ್ರಯೋಗ ವಿರೋಧಿ ಸಂಘದ ಸ್ಟೀಫನ್ ಕೋಲ್ರಿಜ್ ಅದನ್ನು ಸಾರ್ವಜನಿಕ ಸಭೆಯಲ್ಲಿ ಘೋಷಿಸಿದ. ಸೌಮ್ಯ ಸ್ವಭಾವದ ಬೇಲಿಸ್ ಮಾನನಷ್ಟದ ದಾವೆ ಹೂಡಿ ಅದೇ ವರ್ಷದ ನವೆಂಬರಿನಲ್ಲಿ ಗೆದ್ದ. 2,000 ಪೌಂಡ್ ಪರಿಹಾರವನ್ನು ಕಾಲೇಜಿನ ಪ್ರಯೋಗಾಲಯಕ್ಕೇ ಕೊಟ್ಟುಬಿಟ್ಟ. ಆದರೆ ವಿವಾದ ತಣಿಯಲಿಲ್ಲ. 1906ರಲ್ಲಿ ಬ್ಯಾಟರ್ಸಿಯಲ್ಲಿ ಆ ನಾಯಿಗೆ ಕಂಚಿನ ಪ್ರತಿಮೆ ಎದ್ದಿತು. 1907ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಅದರ ವಿರುದ್ಧ ದೊಂಬಿ ನಡೆಸಿದರು. 1910ರಲ್ಲಿ ಪ್ರತಿಮೆಯನ್ನು ರಾತ್ರೋರಾತ್ರಿ ಕಿತ್ತೊಯ್ದರು. 1985ರಲ್ಲಿ ಬ್ಯಾಟರ್ಸಿ ಉದ್ಯಾನದಲ್ಲಿ ಹೊಸದೊಂದನ್ನು ನಿಲ್ಲಿಸಲಾಯಿತು. ಅರಿವಳಿಕೆ ಇತ್ತೋ ಇಲ್ಲವೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಿತು. ಎರಡು ಬಾರಿ ಮೇಜಿನ ಮೇಲೆ ಮಲಗಿದ, ಹೆಸರೂ ಇಲ್ಲದ ಆ ಪ್ರಾಣಿಗೆ ನಾವು ಎಷ್ಟು ಋಣಿಗಳು ಎಂಬುದು ಬೇರೆ ಪ್ರಶ್ನೆ. ಅದು ನ್ಯಾಯಾಲಯದ ಮುಂದೆ ಬಂದಿರಲೇ ಇಲ್ಲ. ಹುಡುಗಿಯರು ಕೇಳುತ್ತಿದ್ದುದು ಅದನ್ನೇ ಎಂದು ನನ್ನ ಎಣಿಕೆ.

ಹಾರ್ಮೋನ್ ಎಂಬ ಪದ ಹುಟ್ಟಿದ್ದು 1905ರ ಜೂನ್‌ನಲ್ಲಿ, ಸ್ಟಾರ್ಲಿಂಗ್ ಲಂಡನ್ನಿನ ವೈದ್ಯರ ರಾಯಲ್ ಕಾಲೇಜಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ. ಕೇಂಬ್ರಿಜ್‌ನ ಊಟದ ಮೇಜಿನ ಹರಟೆಯಲ್ಲಿ ಗ್ರೀಕ್ ಪಂಡಿತನೊಬ್ಬನು ಸೂಚಿಸಿದ ಧಾತು ಅದು. ‘ಪ್ರಚೋದಿಸುತ್ತೇನೆ’ ಎಂದು ಅರ್ಥ. ಕನ್ನಡದಲ್ಲಿ ‘ಚೋದಕ’ ಎಂದೂ ‘ರಸದೂತ’ ಎಂದೂ ಬಳಕೆಯಿದೆ. ಎರಡನೆಯದು ನನಗೆ ಹೆಚ್ಚು ಪ್ರಿಯ. ಏಕೆಂದರೆ ಎಲ್ಲ ಹಾರ್ಮೋನುಗಳೂ ಪ್ರಚೋದಿಸುವುದಿಲ್ಲ, ಕೆಲವು ತಡೆಯುತ್ತವೆ ಕೂಡ; ಆದರೆ ದೂತಕಾರ್ಯವನ್ನು ಎಲ್ಲವೂ ಮಾಡುತ್ತವೆ. ಗ್ರೀಕಿಗಿಂತ ನಮ್ಮ ಪದವೇ ಮೇಲು!

ಅದೇ 1905ರಲ್ಲಿ ಜಾನ್ ಎಡ್ಕಿನ್ಸ್ ಎಂಬ ಇನ್ನೊಬ್ಬ ಆಂಗ್ಲ ವಿಜ್ಞಾನಿ, ಜಠರದಲ್ಲಿಯೂ ಇಂಥದೊಂದು ದೂತವಸ್ತುವಿದೆ, ಆಮ್ಲವನ್ನು ಸುರಿಸುವಂತೆ ಅದು ಜಠರಕ್ಕೆ ಹೇಳುತ್ತದೆಂದು ತೋರಿಸಿ ಗ್ಯಾಸ್ಟ್ರಿನ್ ಎಂದು ಕರೆದ. ಪಾಪ, ಆತನ ಅದೃಷ್ಟ ಕೆಟ್ಟಿತ್ತು. ಮೇಲೆ ಹೇಳಿದ ಪೊಪಿಯೆಲ್ಸ್ಕಿಯೇ, ಹಿಸ್ಟಮಿನ್ ಎಂಬ ಸಾಮಾನ್ಯ ವಸ್ತುವೂ ಆಮ್ಲವನ್ನು ಸುರಿಸುತ್ತದೆಂದು 1920ರಲ್ಲಿ ಪ್ರಕಟಿಸಿದ. ಅಂಗಾಂಶವನ್ನು ಅರೆದರೆ ಹಿಸ್ಟಮಿನ್ ಬಂದೇ ಬರುತ್ತದೆ. ಹಾಗಾಗಿ ಎಡ್ಕಿನ್ಸ್ ಕಂಡದ್ದು ಬರಿಯ ಹಿಸ್ಟಮಿನ್ ಎಂದು ಹಲವರು ತಳ್ಳಿಹಾಕಿದರು. ಎಡ್ಕಿನ್ಸ್ 1940ರಲ್ಲಿ ತೀರಿಕೊಂಡ. 1964ರಲ್ಲಿ ಗ್ರೆಗರಿ ಮತ್ತು ಟ್ರೇಸಿ ಎಂಬಿಬ್ಬರು ಹಂದಿಯ ಜಠರದಿಂದ ಗ್ಯಾಸ್ಟ್ರಿನ್ನನ್ನು ಶುದ್ಧವಾಗಿ ಬೇರ್ಪಡಿಸಿ ತೋರಿಸಿದಾಗ ಆತ ಹೇಳಿದ್ದೇ ನಿಜವೆಂದು ಸಿದ್ಧವಾಯಿತು. ಕೇಳಲು ಆತನಿರಲಿಲ್ಲ.

ರಸದೂತರ ಚರಿತ್ರೆಯಲ್ಲಿ ಜನಸಾಮಾನ್ಯರ ಮನೆಬಾಗಿಲಿಗೆ ಬಂದದ್ದು ಇನ್ಸುಲಿನ್. 1889ರಲ್ಲಿಯೇ ಸ್ಟ್ರಾಸ್‌ಬರ್ಗಿನ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್, ಮೇದೋಜೀರಕವನ್ನು ತೆಗೆದ ನಾಯಿಗೆ ಸಕ್ಕರೆ ರೋಗ ಬರುವುದನ್ನು ಕಂಡಿದ್ದರು. ಆ ಗ್ರಂಥಿಯಲ್ಲಿ ದ್ವೀಪಗಳಂತೆ ಹರಡಿರುವ ಕೋಶಗುಂಪುಗಳಿಂದ ಬರುವ ರಸವನ್ನು ಹಿಡಿಯಲು ಮಾತ್ರ ಮೂವತ್ತು ವರ್ಷ ಬೇಕಾಯಿತು. ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ 1921ರಲ್ಲಿ ಅದನ್ನು ಸಾಧಿಸಿದ ಕಥೆ ಎಲ್ಲ ಪಠ್ಯಗಳಲ್ಲಿಯೂ ಇದೆ. ಪಠ್ಯಗಳು ಬಿಟ್ಟುಬಿಡುವುದು ಎರಡು ತಾರೀಖುಗಳ ನಡುವಿನ ಹನ್ನೆರಡು ದಿನಗಳನ್ನು. 1922ರ ಜನವರಿ 11ರಂದು, 14 ವರ್ಷದ, ಕೇವಲ 29 ಕಿಲೋ ತೂಗುತ್ತಿದ್ದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಅವರ ರಸವನ್ನು ಚುಚ್ಚಿದರು. ಸಕ್ಕರೆ ಅಲ್ಪಸ್ವಲ್ಪ ಇಳಿಯಿತಷ್ಟೆ. ಚುಚ್ಚಿದ ಜಾಗ ಕೀವಾಯಿತು. ಚಿಕಿತ್ಸೆ ನಿಲ್ಲಿಸಬೇಕಾಯಿತು. ರಸವನ್ನು ಶುದ್ಧಗೊಳಿಸುವ ಹೊಣೆ ಹೊತ್ತವನು ಜೇಮ್ಸ್ ಕಾಲಿಪ್ ಎಂಬ ಜೀವರಸಾಯನಶಾಸ್ತ್ರಜ್ಞ. ಆತ ಹಗಲಿರುಳು ದುಡಿದು, ಮದ್ಯಸಾರದ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತ, ಬೇಡದ್ದು ಯಾವ ಹಂತದಲ್ಲಿ ಬೀಳುತ್ತದೆ, ಬೇಕಾದ್ದು ಯಾವ ಹಂತದಲ್ಲಿ ಬೀಳುತ್ತದೆಂದು ಕಂಡುಕೊಂಡ. 23ರಂದು ಹೊಸ ರಸವನ್ನು ಚುಚ್ಚಿದರು. ಹುಡುಗ ಬದುಕಿದ. ಅಲ್ಲಿಯವರೆಗೆ ಇಂಥ ಮಕ್ಕಳಿಗಿದ್ದ ಚಿಕಿತ್ಸೆಯೆಂದರೆ ಉಪವಾಸ ಕೆಡವಿ ಸಾವನ್ನು ಕೆಲವು ತಿಂಗಳು ಮುಂದೂಡುವುದು. ಹೆತ್ತವರು ಹಸಿದ ಮಗುವಿನಿಂದ ಅನ್ನವನ್ನು ಬಚ್ಚಿಡಬೇಕಾಗಿದ್ದ ಕಾಲವದು. ಥಾಂಪ್ಸನ್ ಮತ್ತೆ 13 ವರ್ಷ ಬಾಳಿದ. ಅದೇ ವರ್ಷ ಚಿಕಿತ್ಸೆಗೆ ಬಂದ ಎಲಿಜಬೆತ್ ಹ್ಯೂಸ್ ಎಂಬ ಬಾಲಕಿ 1981ರವರೆಗೆ ಬದುಕಿದ್ದಳು.

1923ರ ನೊಬೆಲ್ ಬ್ಯಾಂಟಿಂಗನಿಗೂ ಪ್ರಯೋಗಾಲಯದ ಮುಖ್ಯಸ್ಥ ಮ್ಯಾಕ್ಲಿಯೋಡನಿಗೂ ದೊರೆಯಿತು. ಬ್ಯಾಂಟಿಂಗ್ ತನ್ನ ಪಾಲನ್ನು ಬೆಸ್ಟನೊಡನೆ, ಮ್ಯಾಕ್ಲಿಯೋಡ್ ಕಾಲಿಪನೊಡನೆ ಹಂಚಿಕೊಂಡರು. ಬುಖಾರೆಸ್ಟಿನಲ್ಲಿ ಇದೇ ಕೆಲಸವನ್ನು 1921ರಲ್ಲಿಯೇ ಪ್ರಕಟಿಸಿದ್ದ ಪೌಲೆಸ್ಕುವಿಗೆ ಏನೂ ದೊರೆಯಲಿಲ್ಲ. ಬೇಲಿಸ್ ಮತ್ತು ಸ್ಟಾರ್ಲಿಂಗರಿಗಂತೂ ನೊಬೆಲ್ ಕೊನೆಗೂ ಬರಲೇ ಇಲ್ಲ. ಬೇಲಿಸ್ 1924ರಲ್ಲಿ, ಸ್ಟಾರ್ಲಿಂಗ್ 1927ರಲ್ಲಿ ತೀರಿಕೊಂಡರು. ಪಾರಿತೋಷಕಗಳ ಪಟ್ಟಿಯನ್ನು ವಿಜ್ಞಾನದ ಚರಿತ್ರೆಯೆಂದು ಕಲಿಸುವ ನಮ್ಮ ರೂಢಿ ಎಷ್ಟು ಅನ್ಯಾಯದ್ದೆಂಬುದಕ್ಕೆ ಇವರ ಹೆಸರುಗಳೇ ಸಾಕು.

ನರಗಳ ಪಕ್ಷ ಪೂರ್ತಿ ಸೋತಿತೆಂದು ಮಾತ್ರ ಯಾರೂ ತಿಳಿಯಬಾರದು. ಜಠರದ ರಸಕ್ಕೂ ಮೇದೋಜೀರಕದ ರಸಕ್ಕೂ ನರಗಳ ಪಾಲೂ ಇದ್ದೇ ಇದೆ. ಪಾವ್ಲೋವ್ ಕಂಡದ್ದು ಸುಳ್ಳಲ್ಲ. ಸ್ವಾರಸ್ಯದ ಸಂಗತಿ ಬೇರೆಯೇ ಇದೆ. ಕಂದು ನಾಯಿಯ ಪ್ರಯೋಗದ ದಿನ ಅದಕ್ಕೆ ಕೊನೆಗಾಣಿಸುವ ಕೆಲಸ ಬಿದ್ದದ್ದು ಹೆನ್ರಿ ಡೇಲ್ ಎಂಬ ಯುವ ಸಂಶೋಧಕನ ಪಾಲಿಗೆ. ಅದೇ ಡೇಲ್ 1936ರಲ್ಲಿ ಆಟ್ಟೊ ಲೋವಿಯೊಡನೆ ನೊಬೆಲ್ ಪಡೆದ. ಏತಕ್ಕಾಗಿ ಎಂದರೆ, ನರವು ತನ್ನ ತುದಿಯಲ್ಲಿ ಅಂಗಕ್ಕೆ ಸುದ್ದಿ ಮುಟ್ಟಿಸುವುದೂ ಒಂದು ರಾಸಾಯನಿಕ ವಸ್ತುವಿನ ಮೂಲಕವೇ ಎಂದು ತೋರಿಸಿದ್ದಕ್ಕಾಗಿ. ತಂತಿಯ ತುದಿಯಲ್ಲಿಯೂ ಓಲೆಯೇ!

ಸೆಕ್ರೆಟಿನ್ ಒಂದು ಮಧ್ಯಾಹ್ನದಲ್ಲಿ ಪತ್ತೆಯಾಯಿತಾದರೂ ಅದು ಏನೆಂದು ತಿಳಿಯಲು 60 ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಸ್ಟಾಕ್‌ಹೋಮಿನಲ್ಲಿ ಯೋರ್ಪೆಸ್ ಮತ್ತು ಮುಟ್ ಎಂಬವರು ಹಂದಿಗಳ ಕರುಳಿನಿಂದ ಅದನ್ನು ಶುದ್ಧಗೊಳಿಸಿ, 27 ಅಮೈನೋ ಆಮ್ಲಗಳ ಸರಪಳಿಯೆಂದು 1960ರ ದಶಕದಲ್ಲಿ ಕಂಡುಕೊಂಡರು. ಅಷ್ಟರಲ್ಲಿ, 51 ಅಮೈನೋ ಆಮ್ಲಗಳುಳ್ಳ ಇನ್ಸುಲಿನ್ನಿನ ರಚನೆಯನ್ನು ಫ್ರೆಡರಿಕ್ ಸ್ಯಾಂಗರ್ ಬಿಡಿಸಿ ಮುಗಿಸಿಯಾಗಿತ್ತು.

ಕರುಳಿನ ದೂತರ ಪಟ್ಟಿ ಅಲ್ಲಿಗೆ ನಿಲ್ಲಲಿಲ್ಲ. ಊಟ ಬಂದಿದೆ, ಇನ್ಸುಲಿನ್ ಹೆಚ್ಚಿಸು ಎಂದು ಮೇದೋಜೀರಕಕ್ಕೂ, ಇನ್ನು ಸಾಕು ಎಂದು ಮೆದುಳಿಗೂ ತಿಳಿಸುವ ಜಿಎಲ್‌ಪಿ-1 ಎಂಬ ದೂತವಸ್ತುವಿನ ಸುಳಿವು 1980ರ ದಶಕದಲ್ಲಿ ದೊರೆಯಿತು. ಆದರೆ ಅದು ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಔಷಧಿಯಾಗಿ ಬಳಸುವುದು ಹೇಗೆ? ಉತ್ತರ ಬಂದದ್ದು ಅಮೆರಿಕದ ಮರುಭೂಮಿಯ ಗಿಲಾ ಎಂಬ ವಿಷಪೂರಿತ ಹಲ್ಲಿಯಿಂದ. ಅದರ ವಿಷದಲ್ಲಿ ಜಿಎಲ್‌ಪಿ-1ನ್ನು ಹೋಲುವ, ಆದರೆ ಹೆಚ್ಚು ಕಾಲ ಉಳಿಯುವ ವಸ್ತುವೊಂದನ್ನು ಜಾನ್ ಎಂಗ್ ಎಂಬ ವೈದ್ಯ 1992ರಲ್ಲಿ ವರದಿ ಮಾಡಿದ. 2005ರಲ್ಲಿ ಅದು ಸಕ್ಕರೆ ರೋಗದ ಔಷಧಿಯಾಯಿತು. ಅದೇ ಕುಲದ, ಆದರೆ ಮಾನವ ದೂತವಸ್ತುವನ್ನೇ ಅಲ್ಪ ಮಾರ್ಪಡಿಸಿ ತಯಾರಿಸಿದ ಸೆಮಾಗ್ಲುಟೈಡ್ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ವಾರಕ್ಕೊಂದು ಚುಚ್ಚುಮದ್ದಿನಿಂದ ತೂಕ ಇಳಿಸಿಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿರುವುದು ಈ ಔಷಧಿಯದ್ದೇ. ಅದರ ಪೊಟ್ಟಣದ ಮೇಲೆ ಬೇಲಿಸ್, ಸ್ಟಾರ್ಲಿಂಗರ ಹೆಸರಾಗಲಿ ನಾಯಿಯ ಚಿತ್ರವಾಗಲಿ ಇಲ್ಲ.